ಕೆಂಚವ್ವನ ಸಮಾಧಿಗೆ ಹಾಲು

"ಕೇಳಿರಪ್ಪೋ ಕೇಳಿ! ಅರೆಗಲ್ಲು ದುರ್ಗದ ದೊರೆ ಬಿಲ್ಲಪ್ಪ ನಾಯಕರ ಅಪ್ಪಣೆ! ದೊರೆಗಳನ್ನು ಸಾಕಿದ ದಾದಿ ಕೆಂಚವ್ವನನ್ನು ಪಟ್ಟಣದ ಹಳೆಯ ಸ್ಮಶಾನದಲ್ಲಿ ಮಣ್ಣು ಮಾಡಿದ್ದಾರೆ, ಎಲ್ಲೆಂದು ಯಾರಿಗೂ ತಿಳಿಯದು. ಸಮಾಧಿ ತೋರಿಸಿದವರಿಗೆ ಕೆರೆಯ ಕೆಳಗಿನ ಗದ್ದೆ ಉಂಬಳಿ! ಅದಕ್ಕೂ ಮೊದಲು ಕೆಂಚವ್ವ ದೊರೆಗಳಿಗೆ ಹೇಳಿದ್ದ ಮೂರು ಒಗಟು ಬಿಡಿಸಬೇಕು. ತಪ್ಪಿದವರಿಗೆ ತಲೆದಂಡ!"

ಡಂಗುರದವನು ತಮಟೆ ಬಡಿಯುತ್ತ ಮುಂದಿನ ಕೇರಿಗೆ ಹೋದ. ಹುಣಸೆಕಟ್ಟೆ ಹಳ್ಳಿಯಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದ ದ್ಯಾಮನ ಕೈ ಮಾತ್ರ ಅಲ್ಲೇ ನಿಂತಿತು. ಕೆಂಚವ್ವ ಅವನ ಹೆತ್ತ ತಾಯಿ.

ದ್ಯಾಮ ಹುಟ್ಟಿದ ವಾರದಲ್ಲೇ ಅರಮನೆಯಲ್ಲೂ ಒಂದು ಗಂಡು ಕೂಸು ಹುಟ್ಟಿ, ರಾಣಿ ತೀರಿಕೊಂಡಿದ್ದಳು. ಪಲ್ಲಕ್ಕಿ ಬಂತು, ಕೆಂಚವ್ವನನ್ನು ಕರೆದೊಯ್ದಿತು. ದ್ಯಾಮನಿಗೆ ಅಜ್ಜಿಯ ರಾಗಿಗಂಜಿಯೇ ಗತಿಯಾಯಿತು. ಅವ್ವ ಸುಗ್ಗಿಗೊಮ್ಮೆ ಬಂದು ಅಪ್ಪಿಕೊಂಡರೂ ಅವಳ ಸೆರಗಿನಲ್ಲಿ ಅರಮನೆಯ ಸಾಂಬ್ರಾಣಿಯ ವಾಸನೆ ಇರುತ್ತಿತ್ತು. ಆ ವಾಸನೆ ಕಂಡರೆ ಹುಡುಗನಿಗೆ ಆಗದು. ತನ್ನ ಪಾಲಿನದನ್ನೆಲ್ಲ ಕುಡಿದು ಬೆಳೆದ ಆ ಬಿಲ್ಲಪ್ಪನ ಮೇಲೆ ಅವನಿಗೆ ಹೇಳಲಾರದಷ್ಟು ಹೊಟ್ಟೆಯುರಿ.

ಊರಿಗೆಲ್ಲ ಜ್ವರ ಬಂದ ವರ್ಷ ಕೆಂಚವ್ವ ಹೋದಳು. ಸತ್ತವರನ್ನು ಸಾಲುಸಾಲಾಗಿ ಅವಸರದಲ್ಲಿ ಮಣ್ಣು ಮಾಡಿದರು. ಹುಣಸೆಕಟ್ಟೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಮೂರನೆಯ ದಿನದ ಹಾಲುತುಪ್ಪ ಬಿಡುವ ಕಾಲ ಎಂದೋ ಕಳೆದಿತ್ತು. ದ್ಯಾಮ ಓಡಿಹೋಗಿ ಕೇಳಿದರೆ ಸ್ಮಶಾನದ ಕಾವಲಿನವನು "ಅಲ್ಲೆಲ್ಲೋ ಇರಬೇಕು" ಎಂದು ಕೈ ಬೀಸಿದ್ದ. ಮಗನ ಕೈಯಿಂದ ಹಾಲು ಬೀಳದ ತಾಯಿ ಬಾಯಾರಿಕೊಂಡೇ ಇರುತ್ತಾಳೆ ಎಂದು ಹಿರಿಯರು ಹೇಳುತ್ತಾರೆ. ಆ ಮಾತು ಅವನ ಎದೆಯಲ್ಲಿ ಅಂದಿನಿಂದ ನಾಟಿಕೊಂಡಿತ್ತು.

ಈಗ ಅವಳ ಮಣ್ಣೂ ಆ ದೊರೆಗೇ ಬೇಕಂತೆ! 'ಬದುಕಿದ್ದಾಗ ಕಸಿದದ್ದು ಸಾಲದೆ?' ಎಂದು ಹಲ್ಲು ಕಡಿದು ದ್ಯಾಮ ದುರ್ಗದ ದಾರಿ ಹಿಡಿದ.

ಒಡ್ಡೋಲಗದಲ್ಲಿ ಆಗಲೇ ಜನ ಕಿಕ್ಕಿರಿದಿದ್ದರು. ಅಂಚೆಪೇಟೆಯ ಶೆಟ್ಟರ ಮಗ ತಾನು ಕೆಂಚವ್ವನ ಸೋದರಳಿಯ ಎಂದು ಎದೆ ಸೆಟೆಸಿ ನಿಂತಿದ್ದ. ದೊರೆ ಕೇಳಿದ:

"ಎಷ್ಟು ಕೊಟ್ಟರೂ ಕೊಟ್ಟವಳಲ್ಲಿ ಊರುತ್ತದೆ. ಕೇಳುವವನು ಇಲ್ಲವಾದರೆ ಮಾತ್ರ ಬತ್ತುತ್ತದೆ. ಏನದು?"

"ವಿದ್ಯೆ, ಮಹಾಪ್ರಭು!" ಎಂದ ಶೆಟ್ಟರ ಮಗ. ಭಟರು ಅವನ ರಟ್ಟೆ ಹಿಡಿದು ಸೆರೆಮನೆಗೆ ಒಯ್ದರು. ಇನ್ನೊಬ್ಬ ಜೋಯಿಸ "ಪುಣ್ಯ" ಎಂದು ಅದೇ ದಾರಿ ಹಿಡಿದ. ಅಮಾವಾಸ್ಯೆಗೆ ಇಬ್ಬರ ತಲೆಯೂ ಹೋಗುವುದಿತ್ತು. ಅವ್ವನ ಸಂಬಂಧ ಹೇಳಿಕೊಂಡು ಬಂದ ಕಂಡಕಂಡವರ ಮೇಲೂ ದ್ಯಾಮನಿಗೆ ಮತ್ಸರವೇ. ಅವನು ಮುಂದೆ ಬಂದು ನಿಂತ.

"ಎದೆಹಾಲು, ಬುದ್ಧೀ," ಎಂದ. "ಅದು ಸಿಗದವನಿಗೇ ಅದರ ಲೆಕ್ಕ ಚೆನ್ನಾಗಿ ಗೊತ್ತಿರ್ತದೆ."

ದೊರೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಎರಡನೆಯದು ಕೇಳು. ಸಾಕಿದವನ ಮನೆಯಲ್ಲೇ ಇರುತ್ತದೆ, ಅವನ ಕೈತುತ್ತು ಮುಟ್ಟುವುದಿಲ್ಲ. ನೆರೆಯವನು ಉಂಡರೆ ಇದು ಕೊಬ್ಬುತ್ತದೆ, ಸಾಕಿದವನು ಸೊರಗುತ್ತಾನೆ."

"ಬೆಕ್ಕು, ಬೆಕ್ಕು," ಎಂದು ಮಂತ್ರಿ ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿದ. ದ್ಯಾಮನಿಗೆ ನಗು ಬಂತು. ಬೆಕ್ಕಂತೆ! ಈ ಪ್ರಾಣಿಯನ್ನು ಅವನು ಹುಟ್ಟಿದಾಗಿನಿಂದ ಸಾಕುತ್ತಿದ್ದಾನೆ.

"ಹೊಟ್ಟೆಕಿಚ್ಚು, ಬುದ್ಧೀ. ನಿಮ್ಮ ಹೆಸರು ಕೇಳಿದಾಗೆಲ್ಲ ನನ್ನೊಳಗೆ ಕೊಬ್ಬಿದ್ದು ಅದೇ."

ಭಟನ ಕೈ ಕತ್ತಿಯ ಹಿಡಿಗೆ ಹೋಯಿತು. ದೊರೆ ಮಾತ್ರ ಸಿಟ್ಟಾಗಲಿಲ್ಲ, ಸ್ವರ ತಗ್ಗಿಸಿ ಮೂರನೆಯದನ್ನು ಕೇಳಿದ.

"ತೊಡೆಯ ಮೇಲೆ ಒಂದು ಕೂಸು, ಕಣ್ಣೊಳಗೆ ಒಂದು ಕೂಸು. ತೊಡೆಯದಕ್ಕೆ ಜೋಗುಳ ಹಾಡುತ್ತಾಳೆ, ಕಣ್ಣಿನದಕ್ಕೆ ನಿದ್ದೆಗೆಡುತ್ತಾಳೆ. ಯಾರವಳು? ಸತ್ತ ಮೇಲೆ ಎತ್ತ ಮುಖ ಮಾಡಿ ಮಲಗುತ್ತಾಳೆ?"

ದಾದಿ ಎಂಬುದು ಹೊಳೆಯಲು ತಡವಾಗಲಿಲ್ಲ. ಆದರೆ ಎತ್ತ ಮುಖ? 'ಅರಮನೆಯ ಕಡೆಗೆ, ಇನ್ನೆತ್ತ!' ಎಂದು ಒಳಗಿನ ಹೊಟ್ಟೆಕಿಚ್ಚು ನಾಲಗೆಯ ತುದಿಗೇ ಬಂದು ಕೂತಿತು. ದ್ಯಾಮ ಬಾಯಿ ತೆರೆದವನು ಮಾತು ತಡೆದುಕೊಂಡ. ತೊಡೆಯ ಮೇಲಿದ್ದದ್ದು ದೊರೆ. ಹಾಗಾದರೆ ಕಣ್ಣಲ್ಲಿದ್ದವನು ಯಾರು? ಇಷ್ಟು ವರ್ಷ ಅವನು ಅದನ್ನು ಒಮ್ಮೆಯೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಕೇಳಿಕೊಂಡಾಗ ದುಃಖ ಒತ್ತರಿಸಿ ಬಂತು.

"ಅವಳು ದಾದಿ," ಎಂದ. "ಹುಣಸೆಕಟ್ಟೆ ಕಡೆ ಮುಖ ಮಾಡಿ ಮಲಗ್ತಾಳೆ. ಮೂಡಲಕ್ಕೆ. ನನ್ನ ಕಡೆ. ನಾನು ಅವಳ ಮಗ."

ದೊರೆ ಸಿಂಹಾಸನದಿಂದ ಎದ್ದೇಬಿಟ್ಟ. "ಮೂಡಲಕ್ಕೇ? ನಾನು ಅರಮನೆ ಕಡೆಗೆ ಎಂದುಕೊಂಡು ಹುಡುಕಿಸಿದೆನಲ್ಲ!"

ಆ ಊರಿನ ರೂಢಿಯಂತೆ ಸತ್ತವರ ತಲೆ ತೆಂಕಣಕ್ಕೆ, ಕಾಲು ಬಡಗಣಕ್ಕೆ. ಅರಮನೆ ಇರುವುದೂ ಬಡಗಣಕ್ಕೇ. ಹಾಗಾಗಿ ಸ್ಮಶಾನದ ಗುಡ್ಡೆಗಳೆಲ್ಲ ಅರಮನೆಯತ್ತಲೇ ನೋಡುತ್ತಿದ್ದವು. ಒಂದು ಗುಡ್ಡೆ ಮಾತ್ರ ಮೂಡಲಕ್ಕೆ ಮುಖ ಮಾಡಿ ಅಡ್ಡಲಾಗಿತ್ತು. ಜ್ವರದ ಗಡಿಬಿಡಿಯಲ್ಲಿ ಗುಂಡಿ ತಪ್ಪಿ ತೋಡಿದ್ದಾರೆ, ಅಡ್ಡ ಮಲಗಿದ ಹೆಣ ದೆವ್ವವಾಗುತ್ತದೆ ಎಂದು ಊರವರು ಅತ್ತ ಸುಳಿಯುತ್ತಿರಲಿಲ್ಲ. ಹುಡುಕಲು ಬಂದವರೂ ಬಳಸಿಕೊಂಡೇ ಹೋಗಿದ್ದರು. ಗುಂಡಿ ತೋಡಿದ್ದ ಮುದುಕನನ್ನು ಕರೆಸಿ ಆ ಗುಡ್ಡೆ ತೋರಿಸಿದಾಗ, "ಹೌದು ಬುದ್ಧೀ, ಹಿಂಗೇ ಮಲಗ್ಸಿ ಅಂತ ಸಾಯೋ ಮುಂಚೆ ಆಯಮ್ಮನೇ ಬೇಡ್ಕೊಂಡಿದ್ದು. ಹೆಸರು ಕೇಳೋಕೆ ಆಗ ಯಾರಿಗೆ ಪುರುಸೊತ್ತಿತ್ತು?" ಎಂದ.

ಗುಡ್ಡೆಯ ಮುಂದೆ ಇಬ್ಬರೂ ನಿಂತರು. ದೊರೆ ಮೆಲ್ಲಗೆ ಹೇಳಿದ: "ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ಕಿಟಕಿಯಾಚೆ ನೋಡ್ತಿದ್ದಳು. ಅಲ್ಲಿ ಯಾರಿದ್ದಾರೋ ಎಂದು ನನಗೆ ಸಹಿಸಲಾಗದೆ ಅತ್ತು ರಂಪ ಮಾಡಿ ಆ ಕಿಟಕಿ ಮುಚ್ಚಿಸಿದ್ದೆ. ಯಾವ ದಿಕ್ಕಿನ ಕಿಟಕಿಯೋ, ಅದೂ ಮರೆತುಹೋಗಿತ್ತು. ಗದ್ದೆ ನಿನ್ನದು. ಇನ್ನೇನು ಬೇಕು, ಕೇಳು."

"ಸೆರೆಯಲ್ಲಿರೋರನ್ನ ಬಿಟ್ಬಿಡಿ," ಎಂದ ದ್ಯಾಮ. "ಆಮೇಲೆ, ಹಾಲು ಮೊದಲು ನಾನು ಬಿಡಬೇಕು."

ದೊರೆಯ ಮುಖ ಸಣ್ಣದಾಯಿತು. ಆದರೂ ತಲೆಯಾಡಿಸಿ ಹಿಂದೆ ಸರಿದ.

ದ್ಯಾಮ ಹಾಲಿನ ತಂಬಿಗೆ ಬಗ್ಗಿಸಿದ. ಒಣಮಣ್ಣು ಹಾಲನ್ನು ಗಟಗಟನೆ ಹೀರಿತು. ಅವ್ವ ಎಷ್ಟು ಬಾಯಾರಿದ್ದಳೋ ಎಂದು ಅವನು ಬಿಕ್ಕಿಬಿಕ್ಕಿ ಅತ್ತ. ತಂಬಿಗೆಯನ್ನು ಪೂರ್ತಿ ಬರಿದು ಮಾಡುವ ಮನಸ್ಸಿತ್ತು. ತಿರುಗಿ ನೋಡಿದರೆ, ಆ ಕಡೆ ನಾಡಿನ ದೊರೆ ಪಾಲು ಸಿಗದ ಹುಡುಗನ ಮುಖ ಮಾಡಿಕೊಂಡು ನಿಂತಿದ್ದ. ಆ ಮುಖ ದ್ಯಾಮನಿಗೆ ಚೆನ್ನಾಗಿ ಗೊತ್ತಿದ್ದದ್ದೇ.

"ಬಾ," ಎಂದು ತಂಬಿಗೆ ಚಾಚಿದ. ಅದರಲ್ಲಿ ಕಾಲುಪಾಲು ಮಾತ್ರ ಉಳಿದಿತ್ತು, ಅದಕ್ಕಿಂತ ಹೆಚ್ಚು ಬಿಟ್ಟುಕೊಡಲು ಅವನ ಕೈ ಅವತ್ತು ಒಪ್ಪಲಿಲ್ಲ.