ಓಬಯ್ಯನ ಗೂಟದ ಕೆರೆ

ಹಣ್ಣುಮುದುಕಿ ಬೋರಕ್ಕ ಬಸ್ಸಿನಲ್ಲಿ ಎಂದೂ ತನ್ನ ಊರಿಗೆ ಟಿಕೆಟ್ ಕೇಳುವುದಿಲ್ಲ. ಮುಂದಿನ ಸ್ಟಾಪಿನ ಹೆಸರು ಹೇಳಿ, ಅಲ್ಲಿಳಿದು, ಕೆರೆ ಏರಿಯ ಮೇಲೆ ಹಿಂದಕ್ಕೆ ನಡೆದು ಬರುತ್ತಾಳೆ. ಕಂಡಕ್ಟರು ಕೂಗುವ ‘ಓಬಯ್ಯನ ಗೂಟ’ ಅವಳ ಬಾಯಲ್ಲಿ ಬರುವುದಿಲ್ಲ. ಓಬಯ್ಯ ಅವಳ ಅಪ್ಪ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಕೆರೆಯಂಗಳದ ತುಂಬ ಆಳೆತ್ತರದ ಕಲ್ಲುಗೂಟಗಳು ಕಾಣುತ್ತವಲ್ಲ, ಅವನ್ನು ನೆಟ್ಟವನು ಅವನೇ.

ಹಿಂದೆ ಒಮ್ಮೆ ಊರಿಗೂ ಕೆರೆಗೂ ಹೂವಿನಕೆರೆ ಎಂದೇ ಹೆಸರು. ಮಹಾಯುದ್ಧದ ಕಾಲದಲ್ಲಿ, ಒಣಗಿದ ಕೆರೆಯಂಗಳದಲ್ಲಿ ಶತ್ರುವಿಮಾನ ಇಳಿದೀತೆಂದು ಕಲ್ಲು ನೆಡಲು ಮೇಲಿನಿಂದ ಅಪ್ಪಣೆ ಬಂತು ಎನ್ನುತ್ತಾರೆ. ಪಟೇಲರು ಹೇಳಿದಂತೆ ತಳವಾರ ಓಬಯ್ಯ ಹೆಗಲ ಚರ್ಮ ಸುಲಿದರೂ ಬಿಡದೆ ನೆಟ್ಟ. ಯುದ್ಧ ಮುಗಿಯಿತು, ಊರಲ್ಲಿ ಸಕ್ಕರೆ ಹಂಚಿದರು. ಕಲ್ಲು ಕೀಳಲು ಮಾತ್ರ ಯಾರೂ ಹೇಳಲಿಲ್ಲ. ಓಬಯ್ಯ ಪಟೇಲರ ಜಗಲಿಯ ಕೆಳಗೆ ನಿಂತು ಕೇಳಿದ.

“ಗೌಡ್ರೇ, ಇನ್ನ ಕಿತ್ತಾಕ್ಲಾ? ದನ ಎಡವ್ತಾವೆ.”

“ಸರ್ಕಾರದ ಕಲ್ಲು ಕಣೋ. ಅಪ್ಪಣೆ ಇಲ್ದೆ ಕಿತ್ರೆ ನನ್ನ ಪಟೇಲಿಕೆ ಹೋಗ್ತದೆ. ನಿಂಗೇನು, ಹೋದ್ರೆ ಒಂದು ಹರಕು ಕಂಬಳಿ!” ಜಗಲಿಯ ಮೇಲಿದ್ದವರೆಲ್ಲ ನಕ್ಕರು.

ಮರುಬೇಸಿಗೆಯಲ್ಲಿ, ಹೊಸದಾಗಿ ಮಾಡಿದ ಸಣ್ಣ ವಿಮಾನವೊಂದನ್ನು ಹಾರಿಸಿ ಪರೀಕ್ಷೆ ಮಾಡುತ್ತಿದ್ದರಂತೆ. ಏರಿಯ ಮೇಲಕ್ಕೆ ಬರುತ್ತಲೇ ಅದರ ಸದ್ದು ಕೆಮ್ಮಿ ಕೆಮ್ಮಿ ನಿಂತಿತು. ಹಾರಿಸುವವನಿಗೆ ಬಯಲು ಕಂಡಿತು, ಕಲ್ಲು ಕಾಣಲಿಲ್ಲ. ಓಬಯ್ಯ ರುಮಾಲು ಬಿಚ್ಚಿ ಬೀಸುತ್ತ “ಬ್ಯಾಡ, ಬ್ಯಾಡ” ಎಂದು ಓಡಿದ. ವಿಮಾನ ಒಂದು ಗೂಟಕ್ಕೆ ರೆಕ್ಕೆ ಬಡಿದು, ಇನ್ನೊಂದಕ್ಕೆ ಮೂತಿ ಜಜ್ಜಿ ಮಗುಚಿಬಿತ್ತು. ಒಳಗಿದ್ದ ಇಬ್ಬರನ್ನೂ ಹೊರಗೆಳೆದವನು ಅವನೇ. ಇಬ್ಬರೂ ಉಳಿಯಲಿಲ್ಲ.

ವಿಚಾರಣೆಗೆ ಬಂದ ಸಾಹೇಬರು “ಈ ಕಲ್ಲು ನೆಟ್ಟವರು ಯಾರು?” ಎಂದರು. ಪಟೇಲರು ಸುಳ್ಳಾಡಲಿಲ್ಲ. “ಓಬಯ್ಯ, ಸ್ವಾಮಿ” ಎಂದರು. ನೆಡಿಸಿದವರು ಯಾರು, ಕೀಳಬೇಡವೆಂದವರು ಯಾರು ಎಂದು ಸಾಹೇಬರು ಕೇಳಲಿಲ್ಲ, ಊರೂ ಹೇಳಲಿಲ್ಲ. ಓಬಯ್ಯನ ತಳವಾರಿಕೆ ಹೋಯಿತು. ಹೂವಿನಕೆರೆ ಅವನ ಹೆಸರು ಹೊತ್ತುಕೊಂಡಿತು. ಊರಿನ ಮೈ ಹಗುರಾಯಿತು.

ಈಗಲೂ ನೋಡಲು ಬಂದವರು ರೆಕ್ಕೆ ತಾಗಿ ಮುರಿದ ಕಲ್ಲಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಏರಿಯ ಮೇಲೆ ಪಂಚಾಯಿತಿಯ ಹೊಸ ಬೋರ್ಡಿದೆ, ಅದರಲ್ಲಿ ಇರುವುದು ಒಂದೇ ಹೆಸರು. ಅದನ್ನು ಬರೆಸುವಾಗ ಬೋರಕ್ಕ ಹೋಗಿ ನಿಂತಿದ್ದಳು. ಪಟೇಲರ ಮೊಮ್ಮಗ, ಈಗಿನ ಅಧ್ಯಕ್ಷ, ಅವಳ ಮಾತು ಕೇಳಿಸದವನಂತೆ ಪೇಂಟರನ ಕೈಯನ್ನೇ ನೋಡುತ್ತಿದ್ದ.

“ನಮ್ಮಪ್ಪನ ಹೆಸರು ಬರೆಸಪ್ಪ, ಬ್ಯಾಡ ಅನ್ನಲ್ಲ. ಪಕ್ಕದಾಗೆ ನಿಮ್ಮ ತಾತಂದೂ ಒಂಚೂರು ಬರೆಸ್ತೀಯಾ, ಮಗಾ?”