ಖಾಲಿ ಡಿಸ್ಕಿನ ಮುಳ್ಳು

ರಿಪೇರಿಗೆ ಕೆಟ್ಟ ಹಾರ್ಡ್‌ಡಿಸ್ಕ್ ಯಾವುದೇ ಬರಲಿ, ಬಿಚ್ಚುವ ಮುನ್ನ ಕಿವಿಗೆ ಹಿಡಿದು ಕೇಳುವುದು ವೈಜಯಂತಿಯ ಅಭ್ಯಾಸ. ಇವತ್ತಿನದು ಟಕ್ ಟಕ್ ಎನ್ನುತ್ತಿತ್ತು. ಒಳಗಿನ ತಟ್ಟೆಯಿಂದ ಫೈಲುಗಳನ್ನು ಓದುವ ಮುಳ್ಳು ಕೆಟ್ಟಿದೆ ಎಂದುಕೊಂಡು, ಅದೇ ಮಾದರಿಯ ಹೊಸ ಡಿಸ್ಕೊಂದನ್ನು ತಂದು ಪಕ್ಕದಲ್ಲಿಟ್ಟಳು.

“ನನ್ನೊಳಗೆ ಒಂದು ಮನೆಯ ಮದುವೆ, ನಾಮಕರಣ, ತೀರಿಹೋದ ಅಜ್ಜಿಯ ಹಾಡು ಎಲ್ಲ ಇದೆ. ನಿನ್ನೊಳಗೆ ಏನಿದೆ, ತಮ್ಮಾ?” ಎಂದಿತು ಹಳೆಯದು.

“ಏನೂ ಇಲ್ಲ, ಅಣ್ಣಾ. ಇನ್ನೂ ಯಾರೂ ಏನೂ ಕೊಟ್ಟಿಲ್ಲ.”

“ಹಾಗಿದ್ದರೆ ಸ್ವಲ್ಪ ದೂರ ಕೂತುಕೋ.”

ವೈಜಯಂತಿ ಹೊಸದನ್ನು ಬಿಚ್ಚಿ, ಅದರ ಮುಳ್ಳನ್ನು ತೆಗೆದು ಹಳೆಯದಕ್ಕೆ ಕೂರಿಸಿದಳು. ಟಕ್ ಟಕ್ ನಿಂತಿತು. ಅವಳು ಇಯರ್‌ಫೋನ್ ಹಾಕಿಕೊಂಡು ಅಜ್ಜಿಯ ಹಾಡನ್ನು ಪೂರ್ತಿ ಕೇಳಿದಳು. ಬಿಚ್ಚಿದ ಹೊಸ ಡಿಸ್ಕು ಗುಜರಿ ಡಬ್ಬಿ ಸೇರಿತು.

ಹಳೆಯದು ಆಗಲೇ ಮದುವೆಯ ಫೋಟೋಗಳನ್ನು ಓದುವುದರಲ್ಲಿ ಮುಳುಗಿತ್ತು.

“ಅಣ್ಣಾ,” ಎಂದಿತು ಹೊಸದು ಡಬ್ಬಿಯೊಳಗಿಂದ, “ನನ್ನ ಮುಳ್ಳಿನಿಂದಲೇ ಓದಿದ್ದಲ್ಲವೇ? ಅಜ್ಜಿ ಹಾಡಿದ್ದರಲ್ಲಿ ಒಂದೇ ಒಂದು ಸಾಲು ಹೇಳು.”