ದೆವ್ವ ಕೇಳಿದ ಪಾಲು

"ಗುರುಗಳೇ, ದೆವ್ವಕ್ಕೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಬೇಕೇ?" ಎಂದು ಶಿಷ್ಯ ಕೇಳಿದ.

"ಮಾತು ಕೊಡುವಾಗ ಯಾರಿಗೂ ಈ ಸಂದೇಹ ಬರುವುದಿಲ್ಲ, ನೋಡು" ಎಂದು ಸಿಡುಕಿ ಗುರುಗಳು ಈ ಕತೆ ಹೇಳಿದರು.

ಒಬ್ಬ ರೈತ ಹುಣಸೆಮರದ ಹೆಣ್ಣುದೆವ್ವವೊಂದಕ್ಕೆ ಮಂಕುಬೂದಿ ಎರಚಿ, ಅದರ ತಲೆಗೂದಲು ಕತ್ತರಿಸಿ ಮನೆಯಲ್ಲಿ ಬಚ್ಚಿಟ್ಟ. ಕೂದಲು ಯಾರ ವಶದಲ್ಲಿದೆಯೋ ದೆವ್ವ ಅವರ ಆಳು. "ಈ ಸುಗ್ಗಿ ಮುಗಿಯಲಿ, ಕೊಟ್ಟುಬಿಡುತ್ತೇನೆ" ಎಂದು ಆಣೆ ಇಟ್ಟ. ದೆವ್ವ ನಂಬಿತು. ಹೊಲ ಉತ್ತಿತು, ನೀರು ಸೇದಿತು, ರೈತನ ಹೆಂಡತಿಯ ಎದುರು ಕೂತು ರಾಗಿ ಬೀಸಿತು. ಸುಗ್ಗಿ ಮುಗಿಯಿತು. ರೈತ ಮುಂದಿನ ಸುಗ್ಗಿಗೆ ಎಂದ. ಅದೂ ಮುಗಿಯಿತು. ಇನ್ನೊಂದಕ್ಕೆ ಎಂದ.

ಬೀಸುವ ಕಲ್ಲಿನ ಗೂಟ ಹಿಡಿದ ದೆವ್ವದ ಅಂಗೈ ಬೊಬ್ಬೆ ಎದ್ದಿತ್ತು. ದೆವ್ವಕ್ಕೂ ಬೊಬ್ಬೆ ಏಳುತ್ತದೆಂದು ಹೆಂಡತಿಗೆ ಯಾರೂ ಹೇಳಿರಲಿಲ್ಲ. ದಿನವೂ ನೋಡುತ್ತಿದ್ದಳು, ಹಲ್ಲು ಕಚ್ಚಿಕೊಳ್ಳುತ್ತಿದ್ದಳು.

ಆ ಊರಿನಲ್ಲೊಂದು ಕಟ್ಟಳೆ. ಕಣದಲ್ಲಿ ರಾಶಿ ಹಾಕಿದ ದಿನ, ದುಡಿದವರು ಬಂದು ಕೇಳಿದರೆ ಒಡೆಯ ಇಲ್ಲ ಎನ್ನಕೂಡದು. ಆ ಸುಗ್ಗಿಯಲ್ಲಿ ಕುಂಬಾರ, ಕಮ್ಮಾರ, ಅಗಸರೆಲ್ಲ ಪಾಲು ಪಡೆದ ಮೇಲೆ ದೆವ್ವವೂ ಬಂದು ಸೆರಗೊಡ್ಡಿತು.

"ರಾಗಿ ಬೇಡ ಒಡೆಯಾ. ನನ್ನ ಕೂದಲು ಕೊಡು."

ರೈತ ನಕ್ಕ. "ಕಟ್ಟಳೆ ಇರುವುದು ಮನುಷ್ಯರಿಗೆ ಕಣೇ! ಏನ್ರಪ್ಪಾ, ನೀವೇ ಹೇಳಿ."

ಮೊರದ ತುಂಬ ರಾಗಿ ಪಡೆದಿದ್ದವರು ಹೌದೆಂದು ತಲೆಯಾಡಿಸಿದರು.

ಹೆಂಡತಿಗೆ ರೇಗಿಹೋಯಿತು. ಯಾರನ್ನೂ ಕೇಳದೆ ಮನೆಗೆ ನಡೆದಳು. ಅಟ್ಟದ ಗಡಿಗೆಯಲ್ಲಿದ್ದ ಕೂದಲನ್ನು ತಂದು ಎಲ್ಲರೆದುರು ದೆವ್ವದ ಸೆರಗಿಗೆ ಹಾಕಿದಳು. ದೆವ್ವ ಯಾರ ತಂಟೆಗೂ ಹೋಗಲಿಲ್ಲ. ಕೂದಲನ್ನು ಎದೆಗೆ ಒತ್ತಿಕೊಂಡು ಹೊರಟುಹೋಯಿತು.

"ಅಯ್ಯೋ ಮನೆಹಾಳಿ! ನಾಳೆಯಿಂದ ಬೀಸುವವರು ಯಾರೇ?" ಎಂದು ರೈತ ಅರಚಿದ.

"ದೆವ್ವ ಬರುವ ಮೊದಲು ಯಾರು ಬೀಸುತ್ತಿದ್ದರು ಅಂತ ಒಂದು ದಿನವಾದರೂ ಕೇಳಿದ್ದೀರಾ?" ಎಂದಳು ಅವಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಕೂದಲು ಕೊಟ್ಟು ದೆವ್ವವನ್ನು ಬಿಟ್ಟುಬಿಡಲು ಅವಳಿಗೆ ಭಯವಾಗಲಿಲ್ಲವೇ?"

"ಭಯವಾದದ್ದು ಆಮೇಲೆ. ದೆವ್ವವೇನೋ ತನ್ನ ಮರಕ್ಕೆ ಹೋಯಿತು, ಅವಳು ಮಾತ್ರ ಗಂಡನ ಹಿಂದೆ ಮನೆಗೆ ಹೋಗಬೇಕಾಗಿತ್ತು."